ತಮ್ಮನ ಪಕ್ಕ ತಂತಿ ಸಿಗಿಸದವನು

ನಮ್ಮ ಬೀದಿಯ ಇಂಟರ್‌ನೆಟ್ ಸಾಹುಕಾರನಿಗೆ ಮೂಗಿನ ತುದಿಯಲ್ಲೇ ಕೋಪ. ಬೀದಿಯ ಕೊನೆಯಲ್ಲೊಂದು ಕೋಣೆಯಿದೆ. ಊರಿನ ಇಂಟರ್‌ನೆಟ್‌ನವರೆಲ್ಲ ಅಲ್ಲಿಗೊಂದು ತಂತಿ ಎಳೆದು, ಊರೊಳಗಿನ ಫೋಟೊ, ಮಾತುಗಳನ್ನು ಪುಕ್ಕಟೆಯಾಗಿ ಅದಲುಬದಲು ಮಾಡಿಕೊಳ್ಳುತ್ತಾರೆ. ಇವನೊಬ್ಬ ಮಾತ್ರ ಹೋಗಿಲ್ಲ. "ಅಲ್ಲಿ ನನ್ನ ತಮ್ಮನ ಇಂಟರ್‌ನೆಟ್ ತಂತಿನೂ ಇದೆ. ಅವನ ಮುಖಾನೇ ನೋಡಲ್ಲ, ಪಕ್ಕದಲ್ಲಿ ತಂತಿ ಸಿಗಿಸ್ತೀನಾ?" ಹೀಗಾಗಿ ಇವನ ಗಿರಾಕಿ, ತನ್ನ ಪಕ್ಕದ ಮನೆಯಲ್ಲೇ ಇರುವ ತಮ್ಮನ ಗಿರಾಕಿಯೊಬ್ಬನಿಗೆ ಕಳಿಸಿದ್ದೆಲ್ಲ ದೊಡ್ಡ ಕಂಪನಿಯ ಬಾಡಿಗೆ ದಾರಿ ಹಿಡಿದು, ಎರಡು ಸಮುದ್ರ ಸುತ್ತಿ, ಏದುಸಿರು ಬಿಡುತ್ತಾ ತಡವಾಗಿ ತಲುಪುತ್ತದೆ. ದೂರಿದರೆ, "ತಮ್ಮನ ಲೈನೇ ಸರಿಯಿಲ್ಲ ಕಣ್ರೀ" ಎಂಬ ಸಿದ್ಧ ಉತ್ತರ. ತನ್ನ ಎದುರು ಮನೆಯಲ್ಲೇ, ತಮ್ಮನ ಬಳಿ ಹಾಸಿಗೆ ಹಿಡಿದಿದ್ದ ಅಮ್ಮನನ್ನೂ ಇವನು ದಿನಾ ಫೋನಿನಲ್ಲೇ ನೋಡುತ್ತಿದ್ದ. ಮೊನ್ನೆ ಆ ಮನೆಯ ಕಿಟಕಿಯಿಂದ ಗೋಳಾಟ ಕೇಳಿಸಿದಾಗ, ಇವನ ಫೋನಿನಲ್ಲಿ ಅಮ್ಮ ಇನ್ನೂ "ಊಟ ಆಯ್ತೇನೋ?" ಎನ್ನುತ್ತಿದ್ದಳು.