ಮುರಿದ ಬಾಣದ ಮೊನೆಗಳು, ನನ್ನ ಚಂದದ ಹನ್ನೆರಡು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡೆಟ್ರಾಯ್ಟ್‌ನಲ್ಲಿ ಕಾಲೇಜು ಓದುತ್ತಿದ್ದಾಗ ನಾನೊಂದು ಪ್ರಬಂಧ ಮಂಡಿಸಬೇಕಿತ್ತು. ಆ ದೇಶದ ಮರುಭೂಮಿಯೊಂದರಲ್ಲಿ ಬಹಳ ಹಿಂದೆ ಮೆಕ್ಕೆಜೋಳ ಬೆಳೆಯುತ್ತಿದ್ದ ಒಂದು ಹಳ್ಳಿಯ ಕಲ್ಲಿನ ಬಾಣದ ಮೊನೆಗಳನ್ನು ನೋಡಿ, ಆ ಜನ ಹೇಗೆ ಬದುಕಿದ್ದರೆಂದು ಹೇಳಬೇಕು. ಫೇಲಾದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ. ನಾನೋ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ, ಫೋಟೋದಲ್ಲಿ ಚಂದ ಕಾಣುವ ಹನ್ನೆರಡನ್ನು ಮಾತ್ರ ಆರಿಸಿ, ಮುರಿದವನ್ನೆಲ್ಲ ಡಬ್ಬಿಗೆ ವಾಪಸ್ ಹಾಕಿದ್ದೆ.

ಮಂಡನೆಯ ಹಿಂದಿನ ದಿನ, ಪಕ್ಕದ ಊರು ವಾರೆನ್‌ನಲ್ಲಿದ್ದ ಆಂಟಿಯ ಮನೆಯಲ್ಲಿ ರಿಹರ್ಸಲ್. ಆಂಟಿ ಬಿಜಾಪುರದವರು. ಕಾರಿನ ಮುರಿದ ಬಿಡಿಭಾಗ ನೋಡಿ ಅದು ಯಾಕೆ ಮುರಿಯಿತೆಂದು ಹೇಳುವುದೇ ಅವರ ನೌಕರಿ. ನಾನು ನಮ್ಮ ಪ್ರೊಫೆಸರರ ಮೂಗಿನ ದನಿಯನ್ನು ಕನ್ನಡಕ್ಕೆ ತಂದು ಘೋಷಿಸಿದೆ: "ಒಂದು ಮೊನೆಗೂ ಪೆಟ್ಟಾಗಿಲ್ಲ. ಆದ್ದರಿಂದ ಈ ರೈತರು ಬೇಟೆಯನ್ನೇ ಬಿಟ್ಟಿದ್ದರು!"

ಆಂಟಿ ನಗಲಿಲ್ಲ. "ಮುರದವು ಇರಲೇ ಇಲ್ಲೇನು ತಮ್ಮಾ?"

"ಒಂದು ಡಬ್ಬಿ ತುಂಬ ಇವೆ ಆಂಟಿ. ಬರೀ ಬುಡ, ತುದಿನೇ ಇಲ್ಲ."

"ತುದಿ ಜಿಂಕಿ ಮೈಯಾಗ ಮುರದಿರಬೇಕು. ಬುಡ ಬಾಣದ ಕಡ್ಡಿಗೆ ಕಟ್ಟಿರತೈತಿ, ಕಡ್ಡಿ ಜೋಡಿ ಮನಿಗೆ ಬಂದೈತಿ. ಹೊಲದಾಗ ಬೆಳಿ ಇತ್ತಂದ್ರ ತಿನ್ನಾಕ ಜಿಂಕಿ ಬರೂದಿಲ್ಲೇನು?"

ನನ್ನ ಪ್ರಬಂಧ ಅಲ್ಲಿಗೇ ಮಲಗಿತು. ಆದರೂ ಬಾಯಿ ಮಲಗಬೇಕಲ್ಲ! ಅವರದೇ ಧಾಟಿಯಲ್ಲಿ ಕೇಳಿದೆ: "ಹಂಗಾರ ನನ್ನ ಚಂದಾನ ಹನ್ನೆರಡು ಏನ್ ಮಾಡತಿದ್ವು ರೀ?"

"ದುಡದವೆಲ್ಲಾ ಮುರದಾವ, ತಮ್ಮಾ. ಇವು ನಿನ್ನಂಗ ಚಂದ ಕಾಣಸ್ಕೊಂತ ಕುಂತಿದ್ವು."