ಅವ್ವ ಮಾಡಿದ ಚೀನಾ ಸಿಪಾಯಿಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಅವ್ವನನ್ನು ಜೇವರ್ಗಿಯಿಂದ ಆಳಂದಕ್ಕೆ ಕರೆತಂದು ಆರೈಕೆ ಮಾಡಿದವರಿಗೆ ಗೊತ್ತು, ಸಿಟ್ಟು ಎಲ್ಲಿಂದ ಬರುತ್ತದೆ ಅಂತ.

ದಿನಾ ವ್ಯಾಯಾಮ ಮಾಡಿಸಿ, ಇಲ್ಲದಿದ್ದರೆ ಕೈ ಹಾಗೆಯೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಿಚುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟಿದ್ದರು. ಅವ್ವ ಅದನ್ನು ಎರಡು ದಿನ ದುರುಗುಟ್ಟಿ ನೋಡಿ, ಮೂರನೆಯ ದಿನ ಪಕ್ಕದ ಮನೆಯ ಕೂಸಿಗೆ ಕೊಟ್ಟುಬಿಟ್ಟಳು. ಕೇಳಿದರೆ, ಈ ವಯಸ್ಸಿನಲ್ಲಿ ಚೆಂಡಾಟ ಆಡಿದರೆ ಜನ ಏನಂದಾರು ಎಂದಳು. ಜೋಳದ ಹಿಟ್ಟನ್ನಾದರೂ ನಾದು ಎಂದರೆ ಮುಖ ತಿರುಗಿಸಿದಳು. ಬಲಗೈಯನ್ನು ಸದಾ ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಅದರಲ್ಲಿ ಒಂದು ಚಮಚೆಯೂ ನಿಲ್ಲುತ್ತಿರಲಿಲ್ಲ. ನಾನು ಒದರಾಡುತ್ತಿದ್ದೆ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ. ಆ ಕೈ ಇನ್ನು ಬರುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆಯಾಗಿತ್ತು.

ನಿಂಬರ್ಗಾದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಜೂನ್ ತಿಂಗಳ ಒಂದು ಸಂಜೆ, ಹುಡುಗರಿಗೆ ಹೇಳಲೆಂದು ಹಳೆಯ ಚೀನಾದ ಗೋರಿಗಳ ವಿಡಿಯೋವನ್ನು ಫೋನಿನಲ್ಲಿ ನೋಡುತ್ತಿದ್ದೆ. ಅವ್ವ ಪಕ್ಕದಿಂದ ಇಣುಕಿದಳು. ಉದ್ದನೆಯ ಗುಂಡಿಗಳಲ್ಲಿ ಸಾಲುಸಾಲಾಗಿ ಮಣ್ಣಿನ ಸಿಪಾಯಿಗಳು ನಿಂತಿದ್ದರು, ಮೊಣಕಾಲಿಗಿಂತ ತುಸು ಎತ್ತರ. ಒಬ್ಬನ ಮೈಮೇಲೂ ಬಟ್ಟೆಯಿಲ್ಲ, ಒಬ್ಬನಿಗೂ ಕೈಯಿಲ್ಲ.

ಸತ್ತ ರಾಜನ ಕಾವಲಿಗೆ ಇವರನ್ನು ಹೂಳುತ್ತಿದ್ದರು, ಮೈ ಮಣ್ಣಿನದು, ಕೈ ಮಾತ್ರ ಕಟ್ಟಿಗೆಯದು, ಮೇಲೆ ರೇಷ್ಮೆ ಬಟ್ಟೆ ಇತ್ತು, ಎರಡು ಸಾವಿರ ವರ್ಷಗಳಲ್ಲಿ ಕಟ್ಟಿಗೆ ಬಟ್ಟೆ ಎರಡೂ ಮಣ್ಣಾಗಿ ಹೋದವು ಎಂದು ತಿಳಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಮುಚ್ಚಿದರೆ ಮುಗಿಯಿತು.

"ನಿಮ್ಮಪ್ಪನ ಕೂಡ ಒಬ್ಬ ಸಿಪಾಯೀನೂ ಕಳಸಲಿಲ್ಲ ನಾವು. ಪಾಪ, ಹೆಂಗ ಇದ್ದಾನೋ," ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ಅವತ್ತೇ.

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ಜೇವರ್ಗಿಯಲ್ಲಿ ಇಡೀ ಓಣಿಗೆ ಪೂಜೆಯ ಮಣ್ಣೆತ್ತು ಮಾಡಿಕೊಡುತ್ತಿದ್ದವಳು ಅವ್ವ. ನಾನು ಹೊಲದಿಂದ ಎರೆಮಣ್ಣು ತರಿಸಿ ಅವಳ ಮುಂದಿಟ್ಟು, ಸಾಲಿಯ ಹುಡುಗರಿಗೆ ತೋರಿಸಲು ಆ ಸಿಪಾಯಿಗಳು ಬೇಕಾಗಿದ್ದಾರೆ, ನನಗೆ ಮಾಡಲು ಬರುವುದಿಲ್ಲ ಎಂದೆ. ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ. ನನಗೆ ಅದೆಷ್ಟು ಕಷ್ಟದ ಕೆಲಸ ಎಂದು ನನ್ನ ಗಂಡನನ್ನು ಕೇಳಬೇಕು.

ಅವ್ವ ಎಡಗೈಯಿಂದಲೇ ಶುರು ಮಾಡಿದಳು. ಒಂದೇ ಕೈಗೆ ಮಣ್ಣು ಜಾರಿತು. ಬೈದುಕೊಂಡಳು. ಮತ್ತೆ ಜಾರಿತು. ಕೊನೆಗೆ ಸೆರಗಿನೊಳಗಿನ ಕೈ ಹೊರಗೆ ಬಂತು, ಬರೀ ಆನಿಸಿ ಹಿಡಿಯಲು. ನಾನು ನೋಡಿಯೂ ನೋಡದಂತೆ ತೊಗರಿಬೇಳೆ ಆರಿಸುತ್ತ ಕುಳಿತೆ. ನಾಲ್ಕು ದಿನಗಳಲ್ಲಿ ಎರಡು ಎತ್ತು, ಅವುಗಳ ಮೇವಿಗೆ ಒಂದು ಗೋದಲಿ, ಹನ್ನೊಂದು ಸಿಪಾಯಿಗಳಾದರು. ಕೈಗಳಿಗೆ ತೊಗರಿ ಕಟ್ಟಿಗೆ ಸಿಗಿಸಿದಳು. ಬತ್ತಲೆ ಗಂಡಸರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆಗದು ಎಂದು ನನ್ನ ಹಳೆಯ ಕುಪ್ಪಸವನ್ನು ನನ್ನಿಂದಲೇ ಹರಿಸಿ ಎಲ್ಲರಿಗೂ ಬಟ್ಟೆ ಸುತ್ತಿಸಿದಳು, ತಲೆಗೆ ಪಟಗಾ ಕಟ್ಟಿಸಿದಳು. ಚೀನಾದ ಸಿಪಾಯಿಗಳು ಜೇವರ್ಗಿ ಸಂತೆಗೆ ಹೊರಟ ಗೌಡರ ಹಾಗೆ ಮೀಸೆ ಹೊತ್ತು ನಿಂತರು.

ಹಬ್ಬಕ್ಕೆ ಅಫಜಲಪುರದ ಕಡೆಯ ಅತನೂರಿನಿಂದ ಸೋದರತ್ತೆ ಬಂದಳು, ಅಪ್ಪನ ತಂಗಿ. ಎತ್ತು, ಸಿಪಾಯಿ ಎಲ್ಲ ಒಂದೇ ಮಣೆಯ ಮೇಲಿದ್ದವು. ಅತ್ತೆ ಎಲ್ಲಕ್ಕೂ ವಿಭೂತಿ ಹಚ್ಚಿ, ಹೋಳಿಗೆ ಎಡೆ ಹಿಡಿದು ಕೈಮುಗಿದಳು. ನಾನು ಅದನ್ನು ನೋಡಿ ನಕ್ಕು, ಮರುದಿನ ಸಾಲಿಗೆ ಹೋದೆ. ಸಿಪಾಯಿಗಳು ಇನ್ನೂ ಹಸಿ ಇದ್ದರು, ಆ ಮುಂದಿನ ದಿನ ಒಯ್ಯುವುದೆಂದು ಬಿಟ್ಟಿದ್ದೆ.

ಸಂಜೆ ಬಂದರೆ ಮಣೆ ಖಾಲಿ. ಅತ್ತೆ ಎತ್ತುಗಳ ಜೊತೆ ಹನ್ನೊಂದೂ ಜನರನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಬಾವಿಗೆ ಬಿಟ್ಟು ಬಂದಿದ್ದಳು. ಓಡಿಹೋಗಿ ಬಗ್ಗಿ ನೋಡಿದೆ. ನೀರ ಮೇಲೆ ತೊಗರಿ ಕಟ್ಟಿಗೆಯ ಕೈಗಳು, ಕುಪ್ಪಸದ ಚೂರುಗಳು ತೇಲುತ್ತಿದ್ದವು, ಮೈ ಕರಗಿಹೋಗಿತ್ತು.

ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ. ಅವಳು ಕುಂತಲ್ಲಿಂದ ಏಳಲೂ ಇಲ್ಲ.

"ಪೂಜಿ ಆದ ಮಣ್ಣ ಮನ್ಯಾಗ ಇಟ್ಕೋಬಾರದು. ನಿಮ್ಮ ಚೀನಾದಾಗ ಏನ್ ಮಾಡ್ತಾರೋ ನಂಗೊತ್ತಿಲ್ಲ."

ಅದು ಕೇಳಿ ನನ್ನ ದನಿ ಇನ್ನೂ ಏರಿತು. ನಾಲ್ಕು ದಿನದ ಕೆಲಸ ನೀರುಪಾಲಾಗಿತ್ತು. ಅವ್ವ ಇನ್ನು ಮಣ್ಣು ಮುಟ್ಟುವುದಿಲ್ಲ, ಕೈ ಮತ್ತೆ ಸೆರಗಿನೊಳಗೆ ಹೋಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಕುದಿಯುತ್ತಿತ್ತು. ಅತನೂರಿನ ಬಸ್ಸು ಎಷ್ಟು ಗಂಟೆಗೆ ಎಂದು ಅತ್ತೆಯನ್ನು ಕೇಳುವವರೆಗೂ ಹೋದೆ. ಆಗ ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದು ಕೆಳಗೆ ಜಗ್ಗಿದರು.

"ಕುಂಡ್ರು ಬೇ. ಹಿರ್ಯಾಕಿ ಮುಂದ ಹಿಂಗ ಒದರತಾರೇನು?"

ಅವ್ವ ನೆಲದ ಮೇಲೆ ಕುಳಿತಿದ್ದಳು. ಕೊಸರಿಕೊಳ್ಳಲು ನೋಡಿದೆ, ಆಗಲಿಲ್ಲ. ಬಳೆ ಒತ್ತಿ ಚರ್ಮ ಕೆಂಪಾಯಿತು. ತಿರುಗಿ ನೋಡಿದೆ. ಹಿಡಿದಿದ್ದುದು ಅವಳ ಬಲಗೈ.

"ಬಿಡವ್ವಾ, ನೋಯ್ತದ," ಎಂದೆ.

ಅವಳು ಬಿಡಲಿಲ್ಲ. ಬಿಡದಿದ್ದರೆ ಸಾಕು ಎಂದುಕೊಂಡು ನಾನೂ ಮತ್ತೆ ಕೊಸರಿಕೊಳ್ಳಲಿಲ್ಲ, ಅಳುತ್ತ ಅವಳ ಪಕ್ಕದಲ್ಲಿ ಕುಳಿತೆ.