ಗುಡುಗಿನ ಮೋಡ ಬರೆಯಲು ಹೋದ ಶೈಲಾ

ಇಲ್ಲ... ಇದು ಸುಳ್ಳಾಗಿರಬೇಕು.

ನಿನ್ನೆ ಮಧ್ಯಾಹ್ನ ಫೋನಿನಲ್ಲಿ ನಕ್ಕವಳನ್ನು
ಇವತ್ತು ಶಿಕಾರಿಪುರದ ಅವಳ ಮನೆಯ ಪಡಸಾಲೆಯಲ್ಲಿ
ಹೂವಿನ ನಡುವೆ ಕೂರಿಸಿದ್ದಾರೆ...

ಗೆಳೆಯರೇ, ನಮ್ಮ ಶೈಲಾ ಮೇಡಂ ಹೋಗಿಬಿಟ್ಟರು.
ಅಂಬ್ಲಿಗೊಳ ಡ್ಯಾಮಿನ ದಡದಲ್ಲಿ... ಸಿಡಿಲು ಬಡಿದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಜಡೆ ಊರಿನ ಹೈಸ್ಕೂಲಿನಲ್ಲಿ ಅವಳು ಡ್ರಾಯಿಂಗ್ ಟೀಚರ್, ನಾನು ಹಿಂದಿ.
ಸೀಮೆಸುಣ್ಣದಂತೆ ಪುಡಿ ಉದುರುವ ಸಾಫ್ಟ್ ಪೇಸ್ಟಲ್ ಅಂದರೆ ಅವಳಿಗೆ ಪ್ರಾಣ.
ಸ್ಟಾಫ್ ರೂಮಿನಲ್ಲಿ ಪಕ್ಕ ಕೂತರೆ ಸಾಕು, ನನ್ನ ಸೀರೆಗೂ ಬಣ್ಣ...

"ಕರೇ ಮೋಡಕ್ಕೆ ಕರೇ ಬಣ್ಣ ಹಚ್ಚಬ್ಯಾಡ್ರೋ" ಅನ್ನುತ್ತಿದ್ದಳು ಮಕ್ಕಳಿಗೆ.
"ಮೊದ್ಲು ನೇರಳೆ. ಅದರ ಮ್ಯಾಲೆ ಕಡು ನೀಲಿ. ಒಂಚೂರು ಹಸಿರು.
ಕಿರುಬೆರಳಿಂದ ಮೆಲ್ಲಗೆ ಸವರ್ರಿ... ತಿಕ್ಕಿದ್ರೆ ಕೆಸರಾಗ್ತದೆ.
ಪುಡಿ ಊದಬ್ಯಾಡ್ರಿ, ಹಾಳೆ ಓರೆ ಮಾಡಿ ತಟ್ರಿ.
ಬೆಳಕು ಕೊನೇಗೆ. ಅದನ್ನ ಮಾತ್ರ ಸವರಬಾರ್ದು."

ಬಣ್ಣ ಕೂರಲು ಎಲ್ಲರೂ ಹೊಡೆಯುವ ಸ್ಪ್ರೇ ಅವಳಿಗೆ ಆಗದು.
ಹೊಡೆದರೆ ಚಿತ್ರ ಮಂಕಾಗುತ್ತದೆ ಎಂಬ ಹಟ.
ಹಾಗಾಗಿ ಅವಳ ಚಿತ್ರಗಳೆಲ್ಲ ಬರೀ ಪುಡಿ... ಒಂದು ಹನಿ ಬಿದ್ದರೂ ಮುಗಿಯಿತು.

ಈ ಬೇಸಿಗೆ ರಜೆ ಪೂರ್ತಿ ಅವಳಿಗೆ ಒಂದೇ ಗೀಳು.
ಮಳೆಗೆ ಮುಂಚೆ ಡ್ಯಾಮಿನ ನೀರಿಗೆ ಬರುವ ಬಣ್ಣವನ್ನು ಚಿತ್ರಿಸುವುದು.
ಪ್ರತಿ ಸಲ ಗಾಳಿ ಎದ್ದು ಅರ್ಧಕ್ಕೇ ವಾಪಸ್ ಬರುತ್ತಿದ್ದಳು.

ನಿನ್ನೆ ಬೆಳಗಿನಿಂದಲೇ ಧಗೆ... ಒಂದು ಎಲೆ ಅಲುಗುತ್ತಿರಲಿಲ್ಲ.
ಸೊರಬದ ನಮ್ಮ ಮನೆಯಲ್ಲಿ ದನಗಳು ಮೇವು ಮುಟ್ಟಿರಲಿಲ್ಲ.
ಆಗ ಡ್ಯಾಮಿನ ದಡದಿಂದ ಅವಳ ಫೋನ್.

"ನಿಮ್ಮ ಕಡೆ ಮೋಡ ಎದ್ದದೆ ಕಣೇ... ಎಂಥಾ ನೇರಳೆ ಅಂತೀಯ!"
"ಇಲ್ಲಿ ಗುಡುಗ್ತಾ ಇದೆ ಮಾರಾಯ್ತಿ. ಎದ್ದು ಹೊರಡು."
"ಗುಡುಗು ಅಲ್ಲಿ ತಾನೇ? ಇಲ್ಲಿಗೆ ಬರಕ್ಕೆ ಇನ್ನೂ ಹೊತ್ತದೆ."

ನಕ್ಕು ಇಟ್ಟಳು.
ಮಧ್ಯಾಹ್ನವೇ ನಾನು ಲೈಟ್ ಹಾಕಬೇಕಾಯಿತು, ಅಷ್ಟು ಕತ್ತಲು.
ಆದರೆ ನಮ್ಮಲ್ಲಿ ನಾಲ್ಕು ಹನಿ ಬಿದ್ದು ನಿಂತಿತು...

ಶೈಲಾ...
ನನ್ನ ಹೆಂಚಿನ ಮೇಲೆ ಹಾದ ಆ ಮೋಡ ನಿನ್ನ ಕಡೆಗೇ ಹೊರಟಿತ್ತು ಕಣೇ.
ಮತ್ತೆ ಫೋನ್ ಮಾಡಿದೆ. ರಿಂಗಾಯಿತು.
ಇನ್ನೊಮ್ಮೆ ಮಾಡಿದೆ. ರಿಂಗೇ ಆಗಲಿಲ್ಲ.
ನೀನು ಶಿರಾಳಕೊಪ್ಪದಲ್ಲಿ ಬಸ್ ಹತ್ತುವಾಗಲೂ ಅವಸರ ಮಾಡಿದವಳಲ್ಲ...
ನಿನ್ನೆ ಒಂದು ದಿನ ಓಡಬಾರದಿತ್ತೇ?

ಡ್ಯಾಮಿನಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರೊಬ್ಬರು ಬೆಳಿಗ್ಗೆ ಅವಳ ಮನೆಗೆ ಬಂದಿದ್ದರು.
ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು.

"'ಅಕ್ಕಾರೇ, ಎಲ್ಲ ಬಿಟ್ಟು ಓಡಿ ಬರ್ರೀ' ಅಂತ ಕೂಗ್ದೆ ರೀ.
'ಹನಿ ಬಿದ್ರೆ ಅಳಿಸಿ ಹೋಗ್ತದಣ್ಣ, ಕವರಿಗೆ ಹಾಕ್ಕೊಂಡು ಬಂದೆ' ಅಂದ್ರು.
ನಾನು ಶೆಡ್ಡಿಗೆ ಬಂದು ತಿರುಗಿ ನೋಡೋದ್ರೊಳಗೆ...
ಬರೀ ಬೆಳ್ಳಗೆ ಕಂಡ್ತು ರೀ. ಮತ್ತೇನೂ ಕಾಣ್ಲಿಲ್ಲ."

ಕವರಿನೊಳಗೆ ಚಿತ್ರ ಒಣಗಿಯೇ ಇತ್ತು.
ಅವಳ ಗಂಡ ಅದನ್ನು ಹೊರಗೆ ತೆಗೆದರು. ಮೋಡ... ಅದರ ಕೆಳಗೆ ಸೀಸದಂಥ ನೀರು.

"ಮುಟ್ಟಿದ್ರೆ ಅಳಿಸ್ತದಾ ಟೀಚರೇ?" ಕೇಳಿದರು.
"ಹೌದು ರೀ."

ಅವರು ಹಾಳೆಯನ್ನು ದೂರ ಹಿಡಿದರು...
ಕಣ್ಣೀರು ಅದರ ಮೇಲೆ ಬೀಳದಂತೆ.

ಮಧ್ಯಾಹ್ನ ಅವರ ಹೊಲದಲ್ಲಿ ಮಣ್ಣು.
ಹಿರಿಯರು "ಲಗೂನ ಹೊರಡ್ರಿ" ಅನ್ನುತ್ತಿದ್ದಾರೆ.
ಪಡುವಣದಲ್ಲಿ ಇವತ್ತೂ ಕಪ್ಪು ಏಳುತ್ತಿದೆ...
ಇದನ್ನು ಓದುತ್ತಿರುವವರು ಯಾರಾದರೂ ಬಯಲಲ್ಲಿದ್ದರೆ, ಕೈಯಲ್ಲಿ ಏನೇ ಇರಲಿ, ಬಿಟ್ಟು ಒಳಗೆ ಬನ್ನಿ.

ಹೋಗಿ ಬಾ ಶೈಲಾ...
ಶಿವನ ಮಡಿಲಲ್ಲಿ ನಿನ್ನ ಜೀವ ತಣ್ಣಗಿರಲಿ.